ಬಿಟ್ಟುಕೊಟ್ಟ ಪಾಲು

ಬಿಟ್ಟುಕೊಡುವ ಮಾತನ್ನು ಕೂತು ಹೇಳುವುದೋ ನಿಂತು ಹೇಳುವುದೋ ಎಂಬುದು ಭುಜಂಗನಿಗೆ ಡೊಂಬಿವಲಿಯಲ್ಲಿ ರೈಲು ಹತ್ತುವಾಗಲೂ ತೀರ್ಮಾನವಾಗಿರಲಿಲ್ಲ. ಕೂತು ಹೇಳಿದರೆ ಮಾತಿಗೆ ತೂಕ ಬರುತ್ತದೆ, ಆದರೆ ವಕೀಲರ ಆಫೀಸಿನಲ್ಲಿ ಕುರ್ಚಿ ಕೊಡುತ್ತಾರೋ ಇಲ್ಲವೋ ಯಾರಿಗೆ ಗೊತ್ತು. ನಿಂತು ಹೇಳಿದರೆ ಸ್ವಲ್ಪ ನಾಟಕದ ಹಾಗೆ ಕಾಣುತ್ತದೆ, ಆದರೂ ಹೇಳಿ ಮುಗಿಸಿ ಸೀದಾ ಹೊರಗೆ ನಡೆದುಬಿಡುವ ಅನುಕೂಲ ಅದರಲ್ಲಿದೆ. “ನನಗೆ ಏನೂ ಬೇಡ ಸಮಿತ್. ಎಲ್ಲ ನೀವೇ ಇಟ್ಟುಕೊಳ್ಳಿ. ಮಾವನ ಹೆಸರು ಉಳಿಸಿದರೆ ಸಾಕು.” ಬೆಳಗ್ಗೆ ಸ್ನಾನ ಮಾಡುವಾಗ ಇದನ್ನು ತುಳುವಿನಲ್ಲಿ ಹೇಳಿ ನೋಡಿದ್ದ, ಚೆನ್ನಾಗಿತ್ತು. ಆದರೆ ತೀರಿಕೊಂಡ ಸೋದರಮಾವನ ಮಗ ಸಮಿತ್ ಹುಟ್ಟಿ ಬೆಳೆದದ್ದು ಇಲ್ಲೇ; ತುಳು ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಹಿಂದಿಯಲ್ಲಿ ಹೇಳಿ ನೋಡಿದರೆ ಅದೇ ಮಾತು ಹೋಟೆಲಿನ ಗಲ್ಲಾದಲ್ಲಿ ಗಿರಾಕಿ ಚಿಲ್ಲರೆ ಬೇಡ, ಇರಲಿ ಬಿಡಿ ಅಂದ ಹಾಗೆ ಕೇಳಿಸಿತು. ಮುಂಬ್ರಾ ದಾಟಿ ರೈಲು ಸುರಂಗಕ್ಕೆ ನುಗ್ಗಿದಾಗ, ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲ ಎಂದು ತುಟಿ ಅಲ್ಲಾಡಿಸಿ ಮತ್ತೊಮ್ಮೆ ಹೇಳಿಕೊಂಡ. ಬೆಳಕು ಬಂದಾಗ ಎದುರಿಗೆ ನಿಂತಿದ್ದ ಮನುಷ್ಯ ಅವನ ಬೋಳು ತಲೆಯನ್ನು ನೋಡಿ, ಪಾಪ ಮನೆಯಲ್ಲಿ ಸಾವಾಗಿದೆ ಎಂದುಕೊಂಡು ಮೈ ಸ್ವಲ್ಪ ಸರಿಸಿ ಜಾಗ ಕೊಟ್ಟ.

ಸಮಿತ್ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಭಾವ, ಬೇಲಾಪುರ್ ಆನಾ ಪಡೇಗಾ, ವಕೀಲ್ ಕೆ ಪಾಸ್. ಪಪ್ಪಾ ಕೀ ಪ್ರಾಪರ್ಟಿ ಕೆ ಲಿಯೇ ಆಪ್‌ಕಾ ಸೈನ್ ಚಾಹಿಯೇ.” ಆ ‘ಸೈನ್’ ಅನ್ನುವ ಮಾತು ಭುಜಂಗನ ಎದೆಯಲ್ಲಿ ಹೋಗಿ ಕೂತುಬಿಟ್ಟಿತು. ಅವನ ಸಹಿ ಇಲ್ಲದೆ ಆಗುವುದಿಲ್ಲ, ಅಂದರೆ ಅವನ ಹಕ್ಕು ಇದೆ. ಹೆಂಡತಿ ಚಂಪಾಳಿಗೆ ಹೇಳಿದಾಗ ಅವಳು ಹಿಟ್ಟಿನ ಕೈ ಹಾಗೇ ಎತ್ತಿ ಹಿಡಿದು, “ಬಂತಾ ದಾರಿಗೆ! ನನ್ನನ್ನು ಕೇಳದೆ ಎಲ್ಲಿಯೂ ಸಹಿ ಮಾಡುದು ಬೇಡ, ಗೊತ್ತಾಯ್ತಲ್ಲ?” ಅಂದಿದ್ದಳು. ಮೊದಲು ಭುಜಂಗನೂ ಕೊಡುವುದಿಲ್ಲ ಎಂದೇ ನಿಶ್ಚಯಿಸಿದ್ದ. ಮನಸ್ಸಿನಲ್ಲೇ ಕೋರ್ಟಿನ ಮೆಟ್ಟಿಲು ಹತ್ತಿ, ಊರಿನ ಹಿರಿಯರನ್ನು ಸಾಕ್ಷಿಗೆ ಕರೆಸಿ, ಕೇಸನ್ನೂ ಗೆದ್ದು ಬಂದ. ಗೆದ್ದ ಮೇಲೆ ಯಾಕೋ ಸಪ್ಪೆ ಅನ್ನಿಸಿತು. ಗೆದ್ದವನನ್ನು ಜನ ಗೆದ್ದ ಅನ್ನುತ್ತಾರೆ, ಅಷ್ಟೇ. ಇದ್ದದ್ದನ್ನು ಬಿಟ್ಟುಕೊಟ್ಟವನನ್ನು ಸಾಯುವವರೆಗೂ ನೆನೆಯುತ್ತಾರೆ. ಈ ಯೋಚನೆಯ ಅಡಿಯಲ್ಲಿ ಇನ್ನೊಂದು ಆಸೆಯೂ ಇತ್ತು, ಅದನ್ನು ಅವನು ತನಗೇ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದ: ಎಲ್ಲ ಬಿಟ್ಟೆ ಅಂದ ಕೂಡಲೇ ಸಮಿತ್‌ನ ಕಣ್ಣಲ್ಲಿ ನೀರು ಬರುತ್ತದೆ, ಹೋಟೆಲಾದರೂ ನಿಮಗೇ ಇರಲಿ ಭಾವ, ನಿಮ್ಮ ಕಾಲು ಹಿಡಿಯುತ್ತೇನೆ, ಅನ್ನುತ್ತಾನೆ.

ಭುಜಂಗನ ಕಡೆಯವರಲ್ಲಿ, ಉಡುಪಿ ಸೀಮೆಯ ಬಂಟರಲ್ಲಿ, ಗಂಡಸಿನ ಸೊತ್ತು ಅವನ ಮಕ್ಕಳಿಗೆ ಹೋಗುತ್ತಿರಲಿಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಮಕ್ಕಳು ತಾಯಿಯ ಬಳಿಗೆ, ಅಂದರೆ ಕುಲಕ್ಕೆ, ಸೇರಿದವರು. ಅಪ್ಪ ಅನ್ನುವವನು ಮನೆಗೆ ಬಂದು ಹೋಗುವ ಪ್ರೀತಿಯ ನೆಂಟ, ಯಜಮಾನಿಕೆ ಮಾತ್ರ ಮಾವನಿಂದ ಅಳಿಯನಿಗೆ. ಸರಕಾರ ಐವತ್ತಾರನೇ ಇಸವಿಯಲ್ಲೇ ಕಾನೂನು ತಂದು ಹೆಂಡತಿ ಮಕ್ಕಳು ಎಂದು ಬರೆದಿಟ್ಟಿದೆ ಎಂಬುದು ಭುಜಂಗನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಾನೂನು ಅನ್ನುವುದು ಜಗಳವಾಡಿ ಕೋರ್ಟಿಗೆ ಹೋಗುವವರಿಗೆ, ಮರ್ಯಾದಸ್ಥರ ಮನೆಯಲ್ಲಿ ಬಾಯಿಮಾತೇ ಸಾಕು ಎಂದು ಅವನು ನಂಬಿದ್ದ. ಮಾವ ವಸಂತಕುಮಾರ ಶೆಟ್ಟರ ಬಾಯಿಮಾತು ಎಂಥದ್ದು ಎಂದು ಡೊಂಬಿವಲಿಯ ಸ್ಟೇಷನ್ ಎದುರಿನ ಹೋಟೆಲಿಗೆ ಬಂದು ಹೋದ ಊರಿನವರಿಗೆಲ್ಲ ಗೊತ್ತಿತ್ತು. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಬಂದವನನ್ನು ಗಲ್ಲಾದ ಪಕ್ಕ ನಿಲ್ಲಿಸಿ, “ಇವ ನನ್ನ ಅಳಿಯ. ನನ್ನ ನಂತರ ಇವನೇ” ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಆ ಮಾತಿನ ಮೇಲೆಯೇ ಚಂಪಾಳ ಅಪ್ಪ ಹೆಣ್ಣು ಕೊಟ್ಟದ್ದು. ಒಮ್ಮೆ ಹಾಲಿನವನು ತಮಾಷೆಗೆ, ಶೇಟ್ ನಿನಗೆ ಪಗಾರ ಎಷ್ಟು ಕೊಡುತ್ತಾರೆ ಎಂದು ಕೇಳಿದ್ದನ್ನು ಭುಜಂಗ ಮಾವನಿಗೆ ಹೇಳಿದ್ದ. ಮಾವ ಹೊಟ್ಟೆ ಕುಲುಕಿಸಿ ನಕ್ಕು, “ಅಳಿಯನಿಗೆ ಪಗಾರವಾ? ಪಗಾರ ತೆಗೊಳ್ಳುವವರು ಕೆಲಸದವರು ಮಾರಾಯ” ಅಂದರು. ಭುಜಂಗನೂ ನಕ್ಕಿದ್ದ. ಮೇಜು ಒರೆಸುವವರಿಗೆ, ದೋಸೆ ಭಟ್ಟರಿಗೆ ತಿಂಗಳ ಕೊನೆಗೆ ಪಗಾರ ಎಣಿಸಿ ಕೊಡುವಾಗ ಅವನಿಗೆ ಅವರ ಬಗ್ಗೆ ಮರುಕವೇ ಬರುತ್ತಿತ್ತು. ಬೇಕಾದಾಗ ಮಾವನನ್ನು ಕೇಳುತ್ತಿದ್ದ, ಮಾವ ಕೊಡುತ್ತಿದ್ದರು, ಒಮ್ಮೊಮ್ಮೆ ಎಂತಕ್ಕೆ ಎಂದು ಕೇಳುತ್ತಿದ್ದರು. ಮಗನ ಕಾಲೇಜು ಫೀಸಿಗೆ ಕೇಳಿದಾಗ ಊಟ ಮುಗಿಸಿ ಕೈ ತೊಳೆದು, ಎಲೆಅಡಿಕೆ ಹಾಕಿ, ಪೇಪರಿನ ಕೊನೆಯ ಪುಟದವರೆಗೂ ಓದಿದ ಮೇಲೆ ಕೊಟ್ಟಿದ್ದರು. ಅಲ್ಲಿಯವರೆಗೆ ಭುಜಂಗ ಬಾಗಿಲಿಗೆ ಒರಗಿ ನಿಂತೇ ಇದ್ದ. ಯಜಮಾನ ಆಗುವವನು ಕಾಯುವುದನ್ನೂ ಕಲಿಯಬೇಕು ಎಂದು ಆಗ ಸಮಾಧಾನ ಹೇಳಿಕೊಂಡಿದ್ದ.

ಥಾಣೆಯಲ್ಲಿ ಇಳಿದು ಸೇತುವೆ ಹತ್ತಿ ಪನ್ವೇಲ್ ಕಡೆಯ ಗಾಡಿಗೆ ಬದಲಾಯಿಸಿದ. ಸೀಟು ಸಿಕ್ಕಿತು. ನೆತ್ತಿಯ ಮೇಲೆ ಕೂದಲಿನ ಮೊಳಕೆ ಒರಟಾಗಿ ಎದ್ದಿತ್ತು, ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಸ್ಮಶಾನದಲ್ಲಿ ಭಟ್‌ಜಿ “ಮುಲ್ಗಾ ಕೋಣ್?” ಮಗ ಯಾರು ಎಂದು ಕೂಗಿದಾಗ ಸಮಿತ್ ಮುಂದೆ ಬಂದಿದ್ದ. ತಲೆ ಬೋಳಿಸಬೇಕು ಅಂದ ಕೂಡಲೇ ಮೊಬೈಲು ಕಿವಿಗೆ ಹಿಡಿದು ಆಚೆ ಹೋದ. ಆಮೇಲೆ ಮಾಮಿ, ಮಾವನ ಹೆಂಡತಿ ಅನಸೂಯ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಭುಜಂಗನ ಹತ್ತಿರ ಬಂದು, “ಅವನಿಗೆ ಮುಂದಿನ ವಾರ ಫಾರಿನ್‌ನವರ ಎದುರು ಎಂತದೋ ಪ್ರೆಸೆಂಟೇಶನ್ ಉಂಟಂತೆ. ನಮ್ಮಲ್ಲಿ ಹೇಗೂ ಅಳಿಯನೇ ಅಲ್ವಾ ಮಾಡುದು?” ಅಂದರು. ನೆರೆದವರೆಲ್ಲರ ಎದುರೇ ಅಂದರು. ಕ್ಷೌರಿಕನ ಮುಂದೆ ತಲೆ ಬಗ್ಗಿಸಿ ಕೂತಾಗ ಭುಜಂಗನಿಗೆ ಅಳು ಬರಬೇಕಿತ್ತು, ಬಂದದ್ದು ಸಂತೋಷ. ತಣ್ಣೀರು ಸುರಿದಾಗ ಮೈ ಜುಮ್ಮೆಂದಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ, ಇಷ್ಟು ಜನರ ಎದುರು ಮಾಮಿಯೇ ಒಪ್ಪಿಕೊಂಡರಲ್ಲ ಎಂದು ಕತ್ತಿ ಆಡುತ್ತಿದ್ದಷ್ಟು ಹೊತ್ತೂ ಅವನು ಹಿಗ್ಗುತ್ತಿದ್ದ. ತನ್ನನ್ನು ಸಾಕಿದವನ ಹೆಣ ಚಟ್ಟದ ಮೇಲಿರುವಾಗ ಹೀಗೆ ಹಿಗ್ಗಿದ್ದು ಆಮೇಲೆ ನೆನಪಾದಾಗಲೆಲ್ಲ ಅವನಿಗೆ ಹೇಸಿಗೆಯಾಗುತ್ತಿತ್ತು. ಈಗಲೂ ಆಯಿತು. ಕಿಟಕಿಯ ಹೊರಗೆ ಐರೋಳಿಯ ಗಾಜಿನ ಕಟ್ಟಡಗಳು ಹಿಂದೆ ಸರಿಯುತ್ತಿದ್ದವು, ಇಂಥದ್ದೇ ಯಾವುದೋ ಕಟ್ಟಡದಲ್ಲಿ ಸಮಿತ್ ತಲೆತುಂಬ ಕೂದಲಿಟ್ಟುಕೊಂಡು ಪ್ರೆಸೆಂಟೇಶನ್ ಮುಗಿಸಿದ್ದಾನೆ.

ಬೇಲಾಪುರದ ಆಫೀಸಿನಲ್ಲಿ ಕುರ್ಚಿ ಕೊಟ್ಟರು. ನೀರು ಕೊಟ್ಟರು, ಚಹಾ ಬೇಕೇ ಎಂದು ಕೇಳಿದರು. ವಕೀಲರು ಹೆಂಗಸು, ಮರಾಠಿಯವರು, ಚಂಪಾಳಿಗಿಂತ ಚಿಕ್ಕವರು, ಸೌಮ್ಯ ಮುಖ. ಭುಜಂಗ ಗಟ್ಟಿ ಮನುಷ್ಯನೊಬ್ಬನನ್ನು ಎದುರು ನೋಡಿದ್ದ. ಗಟ್ಟಿ ಮನುಷ್ಯನ ಎದುರು ಹೇಳಲು ಕಟ್ಟಿದ ಮಾತು ಈ ಹೆಂಗಸಿನ ಎದುರು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಬಾಯಲ್ಲೇ ಉಳಿಯಿತು. ಸಮಿತ್ ಬಂದು ಬಗ್ಗಿ ಕಾಲು ಮುಟ್ಟಿದ ಹಾಗೆ ಮಾಡಿ, ಮೊಣಕಾಲಿನಷ್ಟಕ್ಕೇ ಕೈ ನಿಲ್ಲಿಸಿ, ಪಕ್ಕದಲ್ಲಿ ಕೂತ. ವಕೀಲ ಬಾಯಿ ಹಿಂದಿಯಲ್ಲಿ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ವಿವರಿಸಿದರು. ತೀರಿಕೊಂಡವರಿಗೆ ವಾರಸುದಾರರು ಹೆಂಡತಿ ಅನಸೂಯ, ಮಗ ಸಮಿತ್, ಮಗಳು ಸೋನಾಲಿ, ಮೂವರೇ. ಬೇರೆ ಯಾರೂ ಇಲ್ಲ ಎಂದು ಮನೆಯವರನ್ನು ಬಹಳ ವರ್ಷದಿಂದ ಬಲ್ಲ ಒಬ್ಬರು ಪ್ರಮಾಣ ಮಾಡಿ ಹೇಳಬೇಕು. ಹಾಗೆ ಹೇಳುವವರಿಗೆ ಆಸ್ತಿಯಲ್ಲಿ ಯಾವ ಸಂಬಂಧವೂ ಇರಬಾರದು. “ಆಪ್ ಘರ್ ಕೆ ಭೀ ಹೈ, ಔರ್ ಆಪ್‌ಕಾ ಕೋಯಿ ಇಂಟರೆಸ್ಟ್ ಭೀ ನಹೀ ಹೈ. ಆಪ್‌ಸೇ ಅಚ್ಛಾ ವಿಟ್ನೆಸ್ ಕೌನ್ ಮಿಲೇಗಾ?” ಮನೆಯವರೂ ಹೌದು, ಪಾಲೂ ಇಲ್ಲ, ನಿಮಗಿಂತ ಒಳ್ಳೆಯ ಸಾಕ್ಷಿ ಯಾರು ಸಿಗುತ್ತಾರೆ ಎಂದು ನಕ್ಕು ಪೆನ್ನು ಮುಂದೆ ಚಾಚಿದರು.

ಭುಜಂಗ ಎದ್ದು ನಿಂತ. ನಿಂತೇ ಹೇಳುವುದು ಎಂದು ಕೊನೆಗೂ ತೀರ್ಮಾನವಾದದ್ದು ಹೀಗೆ. ಎಲ್ಲಿ ಯಾವ ಭಾಷೆಯಲ್ಲಿ ಶುರು ಮಾಡಿದನೋ ಅವನಿಗೇ ಗೊತ್ತಾಗಲಿಲ್ಲ, ತುಳುವಿನಲ್ಲಿ ಹೊರಟದ್ದು ನಡುವೆ ಹಿಂದಿಯಾಗಿ ಮತ್ತೆ ತುಳುವಾಯಿತು. ನನಗೆ ಏನೂ ಬೇಡ, ಹೋಟೆಲು ಬೇಡ, ಘಣಸೋಲಿಯ ಅಂಗಡಿ ಗಾಳಾ ಬೇಡ, ನಾನು ಮನಸ್ಸು ತುಂಬಿ ಬಿಟ್ಟುಕೊಡುತ್ತಿದ್ದೇನೆ, ಮಾವನ ಆತ್ಮಕ್ಕೆ ಶಾಂತಿ ಸಿಗಲಿ. ಕೈ ತಾನಾಗಿಯೇ ಎದೆಯ ಮೇಲೆ ಹೋಗಿತ್ತು. ವಕೀಲ ಬಾಯಿ ಗಾಬರಿಯಿಂದ ಸಮಿತ್‌ನ ಮುಖ ನೋಡಿ, “ಕಾಯ್ ಮ್ಹಣತಾತ್ ತೇ?” ಎಂದು ಕೇಳಿದರು. ಇವರು ಏನು ಹೇಳುತ್ತಿದ್ದಾರೆ ಎಂದು. ಸಮಿತ್ ಕುತ್ತಿಗೆ ಕೆರೆದುಕೊಂಡು ಮರಾಠಿಯಲ್ಲಿ ಹೇಳಿದ: ಇವರಲ್ಲಿ, ಅಂದರೆ ನಮ್ಮಲ್ಲೇ, ಮೊದಲು ಒಂದು ಪದ್ಧತಿ ಇತ್ತು, ತಂಗಿಯ ಮಗನಿಗೆ ಎಲ್ಲ ಹೋಗುತ್ತಿತ್ತು. ಅದನ್ನು ಕೇಳಿ ಆಕೆಯ ಮುಖ ಅರಳಿತು. ಹೌದಾ, ಕೇರಳದ ಕಡೆಯೂ ಹಾಗೇ ಅಲ್ಲವೇ, ಕಾಲೇಜಿನಲ್ಲಿ ನಮಗೆ ಒಂದು ಪಾಠವೇ ಇತ್ತು, ಪರೀಕ್ಷೆಗೂ ಬಂದಿತ್ತು, ನಾನು ಅದನ್ನು ಬಿಟ್ಟು ಬೇರೆ ಪ್ರಶ್ನೆಗೆ ಉತ್ತರ ಬರೆದೆ ಎಂದು ನಗುತ್ತಾ ಹೇಳಿ, ಭುಜಂಗನ ಕಡೆ ತಿರುಗಿದರು. ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಕರುಣೆಯೇ ಇತ್ತು. “ಪಣ ಕಾಕಾ, ಸೋಡಾಯಲಾ ಆಧೀ ಅಸಾಯಲಾ ಪಾಹಿಜೆ ನಾ?” ಬಿಡಬೇಕಾದರೆ ಮೊದಲು ಇರಬೇಕಲ್ಲ ಕಾಕಾ. ಹೋಟೆಲಿನಲ್ಲಿ ಮೂವತ್ತು ವರ್ಷ ಮರಾಠಿ ಕೇಳಿದ ಕಿವಿಗೆ ಅದು ಪೂರ್ತಿ ಅರ್ಥವಾಯಿತು, ಅರ್ಥವಾಗಿಲ್ಲವೆಂದು ನಟಿಸುವುದಕ್ಕೂ ಸಮಯ ಸಿಗಲಿಲ್ಲ. ನಿಂತವನು ಹೇಗೆ ಕೂರುವುದೆಂದು ತಿಳಿಯದೆ, ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡು ಕುಡಿದ. ಅದು ಸಮಿತ್‌ನ ಲೋಟವಾಗಿತ್ತು.

ಸಹಿ ಮಾಡಿದ. ತನಗೆ ಯಾವ ಸಂಬಂಧವೂ ಇಲ್ಲ ಎಂಬುದರ ಕೆಳಗೆ, ಕನ್ನಡದಲ್ಲಿ, ಅಕ್ಷರ ಬಿಡಿಸಿ ಮಾಡಿದ. ವಕೀಲ ಬಾಯಿ ಶಾಯಿ ಒಣಗಲೆಂದು ಕಾಗದವನ್ನು ಪಕ್ಕಕ್ಕೆ ಸರಿಸಿದಾಗ ಸಮಿತ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಒಳ್ಳೆಯ ಸುದ್ದಿ ಹೇಳುವವನ ಮುಖ ಅವನದು. “ಭಾವ, ಹೋಟೆಲ್ ಬಂದ್ ನಹೀ ಕರ್‌ರಹೇ. ಆಪ್ ಹೀ ಸಂಭಾಲೇಂಗೇ. ಪರ್ ಅಬ್ ಸಬ್ ಸಿಸ್ಟಮ್ ಸೇ. ಆಪ್‌ಕೋ ಪ್ರಾಪರ್ ಸ್ಯಾಲರಿ, ಪಿ.ಎಫ್., ಸಬ್ ಕುಛ್. ಪಪ್ಪಾ ನೇ ಆಪ್‌ಕೇ ಸಾಥ್ ಠೀಕ್ ನಹೀ ಕಿಯಾ, ಇತನೇ ಸಾಲ್ ಬಿನಾ ಪಗಾರ್.” ಹೋಟೆಲು ನೀವೇ ನೋಡಿಕೊಳ್ಳಿ, ಇನ್ನು ಸರಿಯಾದ ಸಂಬಳ ಇರುತ್ತದೆ, ಇಷ್ಟು ವರ್ಷ ಪಪ್ಪ ಪಗಾರ ಕೊಡದ್ದು ಸರಿಯಲ್ಲ ಎಂದು. ಮನೆಯ ವಿಷಯವೂ ಚಿಂತೆ ಬೇಡ ಅಂದ. ಭುಜಂಗ ಇದ್ದದ್ದು ಮಾವ ಮೊದಲು ಕೊಂಡ ಡೊಂಬಿವಲಿಯ ಹಳೆಯ ಫ್ಲ್ಯಾಟಿನಲ್ಲಿ. ಅಲ್ಲೇ ಇರಬಹುದು, ಬರೀ ಹೆಸರಿಗೆ ಒಂದು ಲೀವ್ ಲೈಸೆನ್ಸ್ ಕರಾರು ಮಾಡಿಕೊಂಡರೆ ಆಯಿತು, ಎಲ್ಲ ಬಾಡಿಗೆದಾರರಿಗೂ ಮಾಡುವ ಹಾಗೆ. ಸಮಿತ್ ಒಳ್ಳೆಯವನೇ. ಅದನ್ನೇ ಭುಜಂಗನಿಗೆ ತಡೆಯಲಾಗಲಿಲ್ಲ. ಇವನೊಬ್ಬ ಮೋಸಗಾರನಾಗಿದ್ದರೆ, ಎದುರಿಗೆ ನಿಂತು ಬೈದಿದ್ದರೆ, ಅಳಿಯನ ಹಕ್ಕನ್ನು ಕಿತ್ತುಕೊಂಡ ಪಾಪಿಯ ಎದುರು ತಾನೂ ಒಬ್ಬ ಮನುಷ್ಯನಾಗಿ ನಿಲ್ಲಬಹುದಿತ್ತು. ಇವನು ಪಿ.ಎಫ್. ಕೊಡುತ್ತಾನಂತೆ.

ಹಿಂತಿರುಗುವ ಗಾಡಿಯಲ್ಲಿ ಅವನು ಘಣಸೋಲಿಯಲ್ಲಿ ಯಾಕೆ ಇಳಿದನೋ. ಸೆಕ್ಟರಿನ ರಸ್ತೆಗಳು ಉದ್ದಕ್ಕೆ ಗೆರೆ ಎಳೆದ ಹಾಗೆ ಇದ್ದವು, ಹಳೆಯ ಊರು ಅವುಗಳ ನಡುವೆ ಇಕ್ಕಟ್ಟಿನಲ್ಲಿ ಕೂತಿತ್ತು. ಮಾವ ಇಲ್ಲಿ ಅಂಗಡಿ ಗಾಳಾ ಬುಕ್ ಮಾಡಿದ ವರ್ಷ ಬರೀ ಕೆಸರು. ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ಭುಜಂಗನ ಹೆಗಲಿನ ಮೇಲೆ ಕೈ ಊರಿ, “ನೋಡು, ಇದು ನಿನ್ನ ಕಾಲಕ್ಕೆ ಚಿನ್ನ ಆಗ್ತದೆ” ಅಂದಿದ್ದರು. ನಿನ್ನ ಕಾಲಕ್ಕೆ. ಆ ದಿನ ಸಂಜೆಯೇ ಭುಜಂಗ ಊರಿಗೆ ಹೋಗಬೇಕೆಂದು ಟಿಕೆಟ್ ತೆಗೆದಿದ್ದ, ಅವನ ಅಮ್ಮನಿಗೆ ಹುಷಾರಿರಲಿಲ್ಲ, ಹೋಟೆಲಿನಲ್ಲಿ ಜನ ಇಲ್ಲ ಎಂದು ಮಾವ ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ದರು. ಈಗ ಆ ಗಾಳಾದಲ್ಲಿ ಔಷಧಿ ಅಂಗಡಿ. ಎದುರು ನಿಂತು ನೋಡುತ್ತಿದ್ದವನನ್ನು ಅಂಗಡಿಯವ “ಕ್ಯಾ ಹೋನಾ?” ಎಂದು ಕೇಳಿದ, ಭುಜಂಗ ತಲೆನೋವಿನ ಮಾತ್ರೆ ಎಂದು ಹೇಳಿ ಎರಡು ಮಾತ್ರೆ ಕೊಂಡ. ಕೊಂಡ ಮೇಲೆ ತಲೆ ನಿಜವಾಗಿಯೂ ನೋಯತೊಡಗಿತು. ನನ್ನ ನಂತರ ಇವನೇ ಎಂಬ ಮಾತನ್ನು ಮಾವ ಯಾವ ಯಾವಾಗ ಆಡಿದ್ದರು ಎಂದು ಒಂದೊಂದೇ ನೆನಪಾಯಿತು. ಭಟ್ಟರು ಕೈಕೊಟ್ಟ ದಿನ ಆಡಿದ್ದರು, ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುವವರಿಲ್ಲದಾಗ. ಗಣೇಶ ಚೌತಿಗೆ ರಜೆ ಕೇಳಿದಾಗ ಆಡಿದ್ದರು. ಬೇರೆ ಹೋಟೆಲಿನವರು ಭುಜಂಗನನ್ನು ಒಳ್ಳೆಯ ಸಂಬಳಕ್ಕೆ ಕರೆದಾಗಲಂತೂ ಊರಿನಿಂದ ಬಂದಿದ್ದ ನೆಂಟರನ್ನೆಲ್ಲ ಕೂರಿಸಿಕೊಂಡು ಆಡಿದ್ದರು. ಅದೇ ಪಗಾರ. ಪ್ರತಿ ತಿಂಗಳೂ ತಪ್ಪದೆ ಕೊಟ್ಟಿದ್ದರು, ಇವನು ತಪ್ಪದೆ ತೆಗೆದುಕೊಂಡಿದ್ದ. ಸತ್ತವರ ಮೇಲೆ ಇಷ್ಟು ದ್ವೇಷ ಬರುತ್ತದೆ ಎಂದು ಭುಜಂಗನಿಗೆ ಗೊತ್ತಿರಲಿಲ್ಲ. ನಡುರಸ್ತೆಯಲ್ಲಿ ಅವನು “ಬೇವರ್ಸಿ” ಎಂದು ಗಟ್ಟಿಯಾಗಿ ಅಂದುಬಿಟ್ಟ, ಪಕ್ಕದಲ್ಲಿ ಹೋಗುತ್ತಿದ್ದ ಹೆಂಗಸು ಬೇಗ ಬೇಗ ಹೆಜ್ಜೆ ಹಾಕಿದಳು.

ಮನೆಗೆ ಬಂದಾಗ ಇನ್ನೂ ಸಂಜೆಯ ಬಿಸಿಲಿತ್ತು. ಚಂಪಾ ಬಾಗಿಲಲ್ಲೇ ನಿಂತಿದ್ದಳು, ಸೀರೆ ಬದಲಾಯಿಸಿ, ಹಬ್ಬದ ದಿನದ ಹಾಗೆ. “ಎಂತ ಹೇಳಿದ್ರು? ಸಹಿ ಮಾಡ್ಲಿಲ್ಲ ಅಲ್ವಾ?” ಭುಜಂಗ ಚಪ್ಪಲಿ ಬಿಡುತ್ತಾ ಯೋಚಿಸಿದ. ನಿಜ ಹೇಳಬೇಕೆಂದರೆ ಹೀಗೆ ಹೇಳಬೇಕು: ನಾನು ಯಾರೂ ಅಲ್ಲವಂತೆ, ಎಂದೂ ಯಾರೂ ಆಗಿರಲಿಲ್ಲವಂತೆ, ಅದಕ್ಕೇ ನನ್ನನ್ನು ಕರೆದರಂತೆ. ಇವಳ ಅಪ್ಪ ಯಾವ ಮಾತಿನ ಮೇಲೆ ಇವಳನ್ನು ಕೊಟ್ಟರೋ ಆ ಮಾತಿಗೆ ಎರಡು ಕಾಸಿನ ಬೆಲೆಯಿಲ್ಲವಂತೆ. ಅವಳ ಕಿವಿಯ ಓಲೆ ನೋಡಿದ, ಬೆಳಗ್ಗೆ ಇರಲಿಲ್ಲ, ಈಗ ಹಾಕಿಕೊಂಡಿದ್ದಳು. “ಬಿಟ್ಟುಕೊಟ್ಟು ಬಂದೆ,” ಅಂದ. ಬೆಳಗ್ಗಿನಿಂದ ಹೊರಡದೆ ಒದ್ದಾಡಿದ್ದ ಮಾತು ಎಷ್ಟು ಸಲೀಸಾಗಿ ಹೊರಟಿತು ಎಂದರೆ ಅವನಿಗೇ ಆಶ್ಚರ್ಯವಾಯಿತು. “ಎಲ್ಲವೂ. ಅವರು ಬೇಡ ಬೇಡ ಅಂದ್ರು. ಸಮಿತ್ ಅತ್ತುಬಿಟ್ಟ. ನಾನೇ ಕೇಳಲಿಲ್ಲ. ನಾವು ಇಲ್ಲೇ ಇರಬೇಕಂತೆ, ಹೋಟೆಲೂ ನಾನೇ ನೋಡಿಕೊಳ್ಳಬೇಕಂತೆ, ಕೈ ಹಿಡಿದುಕೊಂಡು ಹೇಳಿದ.” ಚಂಪಾ ಗೋಡೆ ಹಿಡಿದು ಕೂತಳು. ಶುರುವಾದ ಮಾತು ನಿಲ್ಲಲಿಲ್ಲ. ಧರ್ಮರಾಯ ಎಂದಳು, ಮೂರ್ಖ ಎಂದಳು, ನನ್ನ ಮಕ್ಕಳ ಹೊಟ್ಟೆ ಮೇಲೆ ಹೊಡೆದಿರಿ ಎಂದಳು, ಇಷ್ಟು ವರ್ಷ ನಿಮ್ಮ ಜೊತೆ ಮಾವನ ಮಾತು ಮಾವನ ಮಾತು ಎಂದು ಕಾದದ್ದಕ್ಕೆ ಇದಾ ಎಂದು ಹಣೆ ಚಚ್ಚಿಕೊಂಡಳು. ಭುಜಂಗ ತಲೆ ತಗ್ಗಿಸಿ ಕೇಳಿಸಿಕೊಂಡ. ಬೇಲಾಪುರದಲ್ಲಿ ಒಣಗಿಹೋಗಿದ್ದ ಬಾಯಿಗೆ ಸ್ವಲ್ಪ ನೀರು ಬಂದ ಹಾಗಾಯಿತು.

ಚಂಪಾ ಸಿಟ್ಟಿನಲ್ಲಿ ಫೋನು ಮಾಡಿದ್ದು ನಾದಿನಿ ಉಮಾವತಿಗೆ. ನಿಮ್ಮ ಅಣ್ಣ ಮಾಡಿದ ಕೆಲಸ ನೋಡಿ ಎಂದು ಹೇಳಿಕೊಂಡು ಅಳುವುದಕ್ಕೆ ಅವಳಿಗೆ ಬೇರೆ ಯಾರಿದ್ದರು. ಉಮಾವತಿ ಕಲ್ಯಾಣಿನಲ್ಲಿ ಇರುವವಳು, ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಚಪಾತಿ ಮಾಡಿ ಆಫೀಸಿನವರಿಗೆ ಡಬ್ಬಿ ಕಳಿಸುತ್ತಾ ಮಗ ಅಭಿಯನ್ನು ಬಿ.ಕಾಂ. ಮಾಡಿಸಿದವಳು. ಹೋದ ವರ್ಷ ಅವಳು ಅಭಿಯನ್ನು ಹೋಟೆಲಿನ ಗಲ್ಲಾದಲ್ಲಿ ಕೂರಿಸಿಕೋ ಅಣ್ಣ, ಕೆಲಸ ಕಲಿಯಲಿ ಎಂದು ಕೇಳಿಕೊಂಡಾಗ ಭುಜಂಗ, ಓದಿದ ಹುಡುಗನಿಗೆ ಹೋಟೆಲ್ ಕೆಲಸ ಎಂತಕ್ಕೆ ಎಂದು ದೊಡ್ಡ ಮನಸ್ಸಿನವನ ಹಾಗೆ ಹೇಳಿ ಕಳಿಸಿದ್ದ. ಆಗ ಚಂಪಾ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು, ಅವಳ ಕೈಯ ಸೌಟಿನ ಸದ್ದು ನಿಂತಿತ್ತು, ಅವನು ಬೇಡ ಅನ್ನಲು ಅಷ್ಟೇ ಸಾಕಾಗಿತ್ತು. ಆ ದಿನವನ್ನು ಭುಜಂಗ ಮತ್ತೆ ನೆನೆದಿರಲಿಲ್ಲ. ಈಗ ಫೋನಿಟ್ಟ ಕೂಡಲೇ ರೈಲು ಹಿಡಿದ ಉಮಾವತಿ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ ಬಾಗಿಲ ಚೌಕಟ್ಟು ಹಿಡಿದು ನಿಂತಾಗ ನೆನಪಾಯಿತು.

“ಹೌದಾ ಅಣ್ಣ? ಬಿಟ್ಟುಕೊಟ್ಟದ್ದು ಹೌದಾ?”

“ಹೌದು ಉಮಾ.”

“ಯಾರನ್ನು ಕೇಳಿ ಕೊಟ್ಟದ್ದು?”

“ನನ್ನದು ನಾನು ಕೊಟ್ಟೆ,” ಅಂದ ಭುಜಂಗ. ಹೇಳುವಾಗ ಎದೆ ಸ್ವಲ್ಪ ಮುಂದೆ ಬಂತು.

“ನಿನ್ನದಾ?” ಉಮಾವತಿ ಒಳಗೆ ಬಂದಳು. “ನಿನ್ನದು ಹೇಗೆ ಆಗ್ತದೆ? ಮಾವನಿಂದ ನಿನಗೆ ಬಂತು. ನಿನ್ನಿಂದ ಯಾರಿಗೆ? ನನ್ನ ಅಭಿಗಲ್ವಾ? ನೀನು ನಡುವೆ ನೋಡಿಕೊಳ್ಳಲಿಕ್ಕೆ ಇದ್ದವ, ಅಷ್ಟೇ.”

ಇಷ್ಟು ವರ್ಷ ಮಾವನಿಂದ ತನಗೆ ಎಂಬಲ್ಲಿಗೆ ಭುಜಂಗನ ಲೆಕ್ಕ ನಿಂತಿತ್ತು, ಅದರ ಮುಂದಿನ ಹೆಜ್ಜೆ ಅವನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ತೆಗೆದುಕೊಳ್ಳುವಾಗ ಅವನು ಅಳಿಯ, ತೆಗೆದುಕೊಂಡ ಮೇಲೆ ತನ್ನ ಮಕ್ಕಳ ಅಪ್ಪ. ಮಾವನೂ ಇದನ್ನೇ ಮಾಡಿದ್ದು. ಅಷ್ಟರಲ್ಲಿ ಚಂಪಾ ಕಣ್ಣೊರೆಸಿಕೊಂಡು ಎದ್ದು ಬಂದಿದ್ದಳು. “ನಿಮ್ಮ ಅಭಿಗಾ? ನನ್ನ ಮಕ್ಕಳಿಬ್ಬರು ಇಲ್ವಾ? ಇವರು ಬೆವರು ಸುರಿಸಿದ್ದು ನಿಮ್ಮ ಮಗನಿಗಾ?” ಎಂದಳು. ಉಮಾವತಿ ತಿರುಗಿ ನಿಂತಳು. “ನಿಮ್ಮ ಮಕ್ಕಳು ನಿಮ್ಮ ಬಳಿಯವರು ಅತ್ತಿಗೆ. ನಿಮ್ಮ ಅಣ್ಣತಮ್ಮಂದಿರ ಹತ್ತಿರ ಕೇಳಿ. ಈ ಸೊತ್ತಿಗೂ ಅವರಿಗೂ ಎಂತ ಸಂಬಂಧ?” ಸಂಬಂಧ ಎಂಬ ಮಾತನ್ನು ಅದೇ ದಿನ ಎರಡನೇ ಸಲ ಕೇಳಿ ಭುಜಂಗನಿಗೆ ನಗು ಬರುವ ಹಾಗಾಯಿತು. ಅವನ ಮನೆಯ ನಡುವೆ, ಟಿ.ವಿ.ಯ ಎದುರು, ಇಬ್ಬರು ಹೆಂಗಸರು ಇಲ್ಲದ ಆಸ್ತಿಗಾಗಿ ಉಗುಳು ಸಿಡಿಯುವ ಹಾಗೆ ಜಗಳವಾಡುತ್ತಿದ್ದರು. ಹೋಟೆಲು ಅಭಿಗೆ, ಇಲ್ಲ ನನ್ನ ದೊಡ್ಡವನಿಗೆ, ಘಣಸೋಲಿಯದ್ದು ಅಭಿಗೆ, ಅದು ಹೇಗೆ, ಅದು ಹಾಗೇ. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಮ್ಮದು ಏನೂ ಇರಲಿಲ್ಲ, ನಾನು ಏನೂ ಕೊಡಲಿಲ್ಲ. ಇಬ್ಬರೂ ಬಾಯಿ ಮುಚ್ಚುತ್ತಿದ್ದರು, ಬಹುಶಃ ಇಬ್ಬರೂ ಅವನ ಮೇಲೆ ಮರುಕಪಡುತ್ತಿದ್ದರು, ಉಮಾವತಿ ಹತ್ತಿರ ಬಂದು ಬೆನ್ನು ಸವರುತ್ತಿದ್ದಳೋ ಏನೋ, ಚಿಕ್ಕಂದಿನಲ್ಲಿ ಅವನು ಬಿದ್ದು ಬಂದಾಗ ಸವರುತ್ತಿದ್ದ ಹಾಗೆ. ಆ ಮರುಕ ಅವನಿಗೆ ಬೇಕಿರಲಿಲ್ಲ. ಬೇಲಾಪುರದ ಹೆಂಗಸು ಕೊಟ್ಟದ್ದೇ ಸಾಕಾಗಿತ್ತು.

“ಬಾಯಿ ಬಿಡು ಅಣ್ಣ,” ಅಂದಳು ಉಮಾವತಿ. ಈಗ ಅವಳ ದನಿ ಇಳಿದಿತ್ತು, ಅದು ಕೂಗಿಗಿಂತ ಕಷ್ಟವಾಗಿತ್ತು. “ಒಂದೇ ಕೇಳ್ತೇನೆ. ಸಹಿ ಮಾಡುವಾಗ ಅಭಿಯ ನೆನಪು ಬಂತಾ ನಿನಗೆ? ಅವನಿಗೆ ಸೇರಬೇಕಾದ್ದು ಅಂತ ಗೊತ್ತಿದ್ದೂ ಕೊಟ್ಟಿಯಾ?”

ಸುಳ್ಳಿನಿಂದ ಹೊರಗೆ ಬರಲು ಇನ್ನೊಂದು ಬಾಗಿಲು ತೆರೆದಿತ್ತು. ಗೊತ್ತಿರಲಿಲ್ಲ ಎಂದರೂ ಆಗುತ್ತಿತ್ತು, ತಪ್ಪಾಯಿತು ಎಂದರೂ ಆಗುತ್ತಿತ್ತು. ಭುಜಂಗ ತಂಗಿಯ ಮುಖ ನೋಡಿದ. ಚಪಾತಿಯ ಹೆಂಚಿನ ಬಿಸಿಗೆ ಕಪ್ಪಾದ ಮುಖ. ಕಾನೂನು, ಕೋರ್ಟು, ವಕೀಲರು, ಮಾವನ ಮನೆಯವರು, ಯಾರು ಏನೇ ಹೇಳಲಿ, ಮಾವನ ನಂತರ ಇವನೇ ಎಂದು ಈಗಲೂ ನಂಬಿ ನಿಂತಿರುವವಳು ಲೋಕದಲ್ಲಿ ಇವಳೊಬ್ಬಳೇ.

“ಗೊತ್ತಿತ್ತು,” ಅಂದ. “ಅಭಿಯದ್ದೇ. ಗೊತ್ತಿದ್ದೇ ಕೊಟ್ಟೆ.”

ಉಮಾವತಿ ಒಂದೊಂದೇ ಮಾತಾಗಿ ಶುರು ಮಾಡಿದಳು. ಕಳ್ಳ ಅಂದಳು. ವಿಧವೆಯ ಮಗನ ಅನ್ನ ಕಿತ್ತು ದಾನ ಮಾಡಿ ಹೆಸರು ತೆಗೆದುಕೊಳ್ಳುವವನು ಅಂದಳು. ಯಜಮಾನ ಅಂತ ನಿನ್ನ ಮೇಲೆ ಭಾರ ಹಾಕಿ ಕೂತಿದ್ದೆನಲ್ಲ, ಇಡೀ ಕುಟುಂಬದ ಸೊತ್ತು ನಿನ್ನ ಕೈಯಲ್ಲಿತ್ತಲ್ಲ, ಒಬ್ಬನೇ ಹೋಗಿ ಒಬ್ಬನೇ ಮುಳುಗಿಸಿ ಬಂದೆಯಲ್ಲ, ನೀನು ಉದ್ಧಾರ ಆಗುದಿಲ್ಲ ಅಂದಳು. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ಭುಜಂಗ ಕೈ ಕಟ್ಟಿಕೊಂಡು, ಕಣ್ಣು ತಗ್ಗಿಸದೆ, ಅಷ್ಟನ್ನೂ ಕೇಳಿದ. ಅವಳು ದಣಿದು ಸೆರಗು ಸುತ್ತಿಕೊಂಡು ಮೆಟ್ಟಿಲು ಇಳಿಯತೊಡಗಿದಾಗ ಅವನೂ ಹಿಂದೆ ಹೊರಗೆ ಬಂದು ಕಟಕಟೆ ಹಿಡಿದು ನಿಂತ. ಒಂದು ಮಹಡಿ ಇಳಿದು ಅವಳು ನಿಂತು ಮೇಲೆ ನೋಡಿದಳು, ಮತ್ತೆ ಇಳಿದು ಹೊರಟುಹೋದಳು. ಇನ್ನೂ ಸ್ವಲ್ಪ ಹೊತ್ತು ಬೈಯಬಾರದಿತ್ತೇ ಎಂದು ಅವನಿಗೆ ಅನ್ನಿಸಿತು.